ಮೂರು ಜೈಲು, ಒಂದು ಕಿವಿ ಮಿಷನ್ನು

ನಮ್ಮ ಯಜಮಾನರು ಬ್ಯಾಂಕಿಗೆ ಕನ್ನ ಹಾಕಿದರು ಎಂಬ ಸುದ್ದಿ ನನಗೆ ಮುಟ್ಟಿದಾಗ ನಾನು ಬಟ್ಟೆ ಹಿಂಡುತ್ತಿದ್ದೆ. ಸುದ್ದಿ ತಂದವಳು ಮಹಡಿ ಮನೆಯಾಕೆ. ಅರ್ಧ ಸುದ್ದಿಯನ್ನು ಮೆಟ್ಟಿಲು ಇಳಿಯುವಾಗಲೇ ಹೇಳಿಬಿಟ್ಟಿದ್ದಳು. ಉಳಿದರ್ಧವನ್ನು ನನ್ನ ಮುಖ ನೋಡಿಕೊಂಡು ಹೇಳಬೇಕೆಂದು ಜೋಪಾನವಾಗಿ ಇಟ್ಟುಕೊಂಡು ಬಂದಿದ್ದಳು.

“ಪೊಲೀಸ್ ವ್ಯಾನಲ್ಲಿ ಕೂರಿಸ್ಕೊಂಡು ಹೋದ್ರಂತೆ ಕಣ್ರೀ. ಹಾಡಹಗಲು. ಏಣಿ ಬೇರೆ ಹಾಕಿದ್ರಂತೆ.”

“ಯಾರು?”

“ಇನ್ಯಾರು, ನಿಮ್ಮೋರು.”

ಹಿಂಡಿಟ್ಟ ಬಟ್ಟೆಯ ರಾಶಿಯ ಮೇಲೆಯೇ ನಾನು ಕುಸಿದು ಕೂತೆ. ಎಪ್ಪತ್ತು ದಾಟಿದ ಗಂಡ ಸತ್ತರೆ ಏನು ಮಾಡಬೇಕೆಂದು ನಾಲ್ಕು ಜನ ಹೇಳಿಕೊಡುತ್ತಾರೆ. ಬ್ಯಾಂಕಿಗೆ ಕನ್ನ ಹಾಕಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ಅದೂ ಮೂಲೆ ಬ್ಯಾಂಕು,” ಎಂದು ಮಹಡಿಯಾಕೆ ನನ್ನ ಪಕ್ಕದಲ್ಲೇ ಕೂತಳು. “ನನ್ನ ದುಡ್ಡೂ ಅಲ್ಲೇ ಇರೋದು. ನೋಡಿ, ನಾವು ಒಂದೇ ಮನೆಯವರ ಥರ ಇದ್ದೋರು. ನನ್ನದನ್ನ ಬೇರೆ ಕಡೆ ತೆಗೆದಿಟ್ಟಿರ್ತಾರಾ ಅಂತ ಒಂದು ಮಾತು ಕೇಳಿ.”

ನಡೆದದ್ದು ಇಷ್ಟು. ನಮ್ಮ ಯಜಮಾನರದು ಗಡಿಯಾರ ರಿಪೇರಿ. ಮೂಲೆ ಬ್ಯಾಂಕಿನ ಹೊರಗೋಡೆಯ ದೊಡ್ಡ ಗಡಿಯಾರ ಬಹುಕಾಲದಿಂದ ನಿಧಾನ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವರು ಅದನ್ನು ನೋಡಿ ಹಲ್ಲುನೋವು ಬಂದವರಂತೆ ಮುಖ ಕಿವುಚುತ್ತಿದ್ದರು. ಅಂದು ಸುಣ್ಣ ಬಳಿಯುವವರು ಏಣಿಯನ್ನು ಅದೇ ಗೋಡೆಗೆ ಒರಗಿಸಿ ಚಹಾ ಕುಡಿಯಲು ಹೋಗಿದ್ದಾರೆ. ಇವರು ಹತ್ತಿದ್ದಾರೆ, ಬಿಚ್ಚಿದ್ದಾರೆ. ಗಡಿಯಾರದ ಹಿಂದೆಯೇ, ಕಳ್ಳರು ಬಂದರೆ ಕೂಗುವ ಗಂಟೆಯ ತಂತಿ ಹಾದುಹೋಗಿತ್ತು. ಬೀದಿಗೆ ಬೀದಿಯೇ ಕಿವಿ ಮುಚ್ಚಿಕೊಳ್ಳುವ ಹಾಗೆ ಗಂಟೆ ಹೊಡೆದುಕೊಂಡಿತು. ಗಡಿಯಾರ ಸರಿಮಾಡಿ ಮುಗಿಸುವವರೆಗೂ ಅದು ಕೇಳಿಸದೇ ಇದ್ದದ್ದು ಇವರೊಬ್ಬರಿಗೆ.

ಏಕೆಂದರೆ ಇವರ ಕಿವಿ ಮಿಷನ್ನು ಮನೆಯಲ್ಲಿ, ಕಿಟಕಿಯ ಕಟ್ಟೆಯ ಮೇಲಿತ್ತು. ಗಡಿಯಾರ ಬಿಚ್ಚುವ ಕೆಲಸವಿದ್ದರೆ ಅದನ್ನು ತೆಗೆದಿಡುವುದು ಅವರ ಪದ್ಧತಿ. ಟಿಕ್ ಟಿಕ್ ಎನ್ನುವುದು ಅದರೊಳಗೆ ಕಮ್ಮಾರಸಾಲೆಯ ಹಾಗೆ ಕೇಳುತ್ತದಂತೆ.

ಮಿಷನ್ನು ಇಲ್ಲದಿದ್ದರೆ ಅವರು ಕಿವುಡರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲೇ ಇರುವುದು ಅಪಾಯ. ಅಂಗಡಿಗೆ ಬರುವ ಗಿರಾಕಿ ಕೇಳುವುದು ಎರಡೇ ಮಾತು: ರಿಪೇರಿ ಆಗುತ್ತಾ, ನಾಳೆ ಸಿಗುತ್ತಾ. ಎರಡಕ್ಕೂ ಹೌದು ಎಂದರೆ ಮುಗಿಯಿತು. ಕಿವಿ ಮಂದವಾದ ಮೇಲೆ ಇವರು ಎದುರಿಗಿದ್ದವರ ತುಟಿ ನಿಲ್ಲುವುದನ್ನು ನೋಡಿಕೊಂಡು, ಮುಖ ಅರಳಿಸಿ “ಹೌದು, ಹೌದು” ಎನ್ನುವುದನ್ನು ರೂಢಿ ಮಾಡಿಕೊಂಡರು. ಅದನ್ನು ನಾನು ಬಹಳ ವರ್ಷ ಒಳ್ಳೆಯತನ ಎಂದುಕೊಂಡಿದ್ದೆ.

ಈಗ ಅದೇ ಮುಖ, ಅದೇ ಬಾಯಿ ಪೊಲೀಸರ ಮುಂದಿದೆ. ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅವರು ಏನೇ ಕೇಳಿದರೂ ಇವರು ನಗುನಗುತ್ತಾ ಹೌದು ಎನ್ನುತ್ತಾರೆ. ಅಷ್ಟರೊಳಗೆ ಮಿಷನ್ನು ಇವರ ಕಿವಿಗೆ ಸೇರಬೇಕು. ಸೇರದಿದ್ದರೆ ಉಳಿದ ಆಯುಷ್ಯವನ್ನು ನಾನು ಜೈಲಿನ ಬಾಗಿಲಲ್ಲಿ ಸವೆಸಬೇಕು.

ಮರುದಿನ ಬೆಳಿಗ್ಗೆ ಮಗಳು ತನ್ನ ಗಂಡನನ್ನು ಕರೆದುಕೊಂಡು ಬಂದು ನನ್ನ ಜೊತೆ ಕಳಿಸಿದಳು. ನಮ್ಮ ಅಳಿಯಂದಿರು ಚಿತ್ರಮಂದಿರದಲ್ಲಿ ಗೇಟ್‌ಕೀಪರು. ಕತ್ತಲಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವುದು, ಆಟ ಮುಗಿದೊಡನೆ ಬಾಗಿಲು ತೆಗೆದು ಜನರನ್ನು ನೂಕಾಟವಿಲ್ಲದೆ ಹೊರಗೆ ಸಾಗಿಸುವುದು ಅವರ ಕೆಲಸ. ಹಾಗಾಗಿ ಬೀದಿಯಲ್ಲೆಲ್ಲ ಅವರಿಗೆ ಬ್ಯಾಟರಿ ಅಂತಲೇ ಹೆಸರು. ಬಂದವರು ಕೆಲಸದ ಕೆಂಪು ಕೋಟು ಹಾಕಿಕೊಂಡೇ ಬಂದಿದ್ದರು, ಎರಡು ಸಾಲು ಹಿತ್ತಾಳೆ ಗುಂಡಿ ಫಳಫಳ ಹೊಳೆಯುವ ಹಾಗೆ ಉಜ್ಜಿಕೊಂಡು.

“ಈ ಕೋಟು ಯಾಕೆ ಈಗ?” ಅಂದೆ.

“ಅತ್ತೆ, ಜೈಲು ಅಂದ್ರೇನು? ಗೇಟು. ನಾನು ಯಾರು? ಗೇಟಿನೋನು. ಒಬ್ಬ ಗೇಟಿನೋನು ಇನ್ನೊಬ್ಬ ಗೇಟಿನೋನನ್ನ ವಾಪಸ್ ಕಳಿಸಲ್ಲ. ನೀವು ಬಾಯಿ ಬಿಡಬೇಡಿ, ಮಾತು ನನಗೆ ಬಿಡಿ.”

ಮಗಳು ಬಾಗಿಲಲ್ಲೇ ನಿಂತು, “ಮಾತು ಮಾತ್ರ ಇವರಿಗೆ ಬಿಡಬೇಡಮ್ಮ,” ಅಂದಳು. ಹೆತ್ತವಳು ನಾನಾದರೂ ಬುದ್ಧಿ ಅವಳದೇ ಹೆಚ್ಚು ಎಂಬುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು.

ಮೊದಲು ಹೋದದ್ದು ಹಳೇ ಜೈಲಿಗೆ. ವಿಚಾರಣೆಯ ಕಿಂಡಿ ಮನುಷ್ಯರ ಎತ್ತರಕ್ಕೆ ಮಾಡಿದ್ದಲ್ಲ. ನಿಂತರೆ ಗೋಡೆ ಕಾಣುತ್ತದೆ, ಬಗ್ಗಿದರೆ ಗುಮಾಸ್ತನ ಹೊಟ್ಟೆ ಕಾಣುತ್ತದೆ. ನಾನು ಹೊಟ್ಟೆಯೊಡನೆಯೇ ಮಾತಾಡಿದೆ.

“ನಿನ್ನೆ ಒಬ್ಬ ವಯಸ್ಸಾದೋರನ್ನ ಕರ್ಕೊಂಡು ಬಂದಿದಾರೆ. ಕುಳ್ಳಗೆ, ಬಿಳೀ ಕೂದಲು. ಯಾವಾಗಲೂ ನಗ್ತಾ ಇರ್ತಾರೆ.”

ಹೊಟ್ಟೆ ಹಿಂದಕ್ಕೆ ಸರಿದು ಅದರ ಜಾಗದಲ್ಲಿ ಮುಖ ಬಂತು.

“ಆ ನಗೋ ಮುದುಕನಾ? ನೀವು ಏನಾಗ್ಬೇಕು?”

“ಹೆಂಡತಿ.”

ಗುಮಾಸ್ತ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. “ತಾಯಿ, ನಾನು ಈ ಕಿಂಡೀಲಿ ಕೂತೇ ತಲೆ ನೆರೆಸಿಕೊಂಡೋನು. ಇಂಥವನನ್ನ ನೋಡಿಲ್ಲ. ಕನ್ನ ಹಾಕೋಕೆ ಹೋಗಿದ್ಯಾ ಅಂತ ಕೇಳಿದ್ವಿ. ಹೌದು ಅಂದ. ಹಿಂದೆಯೂ ಹಾಕಿದ್ಯಾ? ಹೌದು. ದೊಡ್ಡ ಗುಂಪಿದೆಯಾ? ಹೌದು, ಹೌದು ಅಂತ ನಗ್ತಾನೆ. ಮೊದಲನೇ ಏಟಿಗೆ ಒಪ್ಕೊಂಡೋರನ್ನ ಕಂಡಿದೀನಿ. ಏಟು ಎತ್ತೋಕೆ ಮುಂಚೆ ಒಪ್ಕೊಂಡೋನು ಇವನೊಬ್ಬನೇ.”

“ಅವರಿಗೆ ಕಿವಿ ಕೇಳಲ್ಲ ಸ್ವಾಮಿ.”

“ಅದನ್ನೂ ವಿಚಾರಿಸಿದ್ವಿ. ಕಿವಿ ಸರಿಯಾಗಿ ಕೇಳುತ್ತಾ ಅಂದ್ರೆ ಹೌದು ಅಂದ.”

ನಾನು ಸೆರಗಿನ ಗಂಟು ಬಿಚ್ಚಿ ಮಿಷನ್ನು ತೋರಿಸಬೇಕು ಎನ್ನುವಷ್ಟರಲ್ಲಿ ಅಳಿಯಂದಿರು ನನ್ನನ್ನು ಪಕ್ಕಕ್ಕೆ ಸರಿಸಿ ಕಿಂಡಿಗೆ ಬಗ್ಗಿದರು. ಮಾವನ ಮರ್ಯಾದೆ ಹೋಗುತ್ತಿದೆ ಎಂದು ಅವರ ರಕ್ತ ಕುದಿದಿತ್ತು.

“ಯಾರ ಬಗ್ಗೆ ಮಾತಾಡ್ತಿದೀರಾ ಅಂತ ಗೊತ್ತೇನ್ರೀ? ಈ ಊರಲ್ಲಿ ನಮ್ಮ ಮಾವ ಕೈಯಾಡಿಸದೇ ಇರೋ ಬ್ಯಾಂಕು ಒಂದು ತೋರಿಸಿ. ಬ್ಯಾಂಕೇನು, ಪೋಸ್ಟಾಫೀಸು, ಕಚೇರಿ, ರೈಲ್ವೆ ಸ್ಟೇಷನ್ನು, ಎಲ್ಲಾದ್ರಲ್ಲೂ ಕೆಲಸ ಮಾಡಿ ಬಂದಿದಾರೆ. ಕಣ್ಣು ಕಟ್ಟಿ ಬಿಟ್ಟರೂ ಬಿಚ್ಚಿ ಮತ್ತೆ ಹಾಗೇ ಮುಚ್ತಾರೆ. ಒಂದು ಗೀರು ಕಾಣಲ್ಲ.”

ಅವರು ಹೇಳಿದ್ದು ಗೋಡೆ ಗಡಿಯಾರಗಳ ವಿಷಯ. ಆದರೆ ಇಷ್ಟು ಮಾತಿನಲ್ಲಿ ಗಡಿಯಾರ ಎಂಬ ಒಂದು ಪದ ಮಾತ್ರ ಬರಲಿಲ್ಲ. ಗುಮಾಸ್ತ ಬಾಯಿ ಮುಚ್ಚದೆ ಫೋನಿಗೆ ಕೈ ಹಾಕಿದ. “ಇಲ್ಲಿ ಇಟ್ಕೊಳ್ಳೋ ಧೈರ್ಯ ನಮಗಿರಲಿಲ್ಲ, ಸೇತುವೆಯಾಚೆ ಜೈಲಿಗೆ ಕಳಿಸಿಬಿಟ್ಟಿದೀವಿ,” ಎಂದು ನನಗೆ ಹೇಳಿ, ಫೋನಿನೊಳಗೆ ದನಿ ತಗ್ಗಿಸಿ, “ಊರಲ್ಲಿ ಒಂದೂ ಬಿಟ್ಟಿಲ್ವಂತೆ, ಅಳಿಯನೇ ಹೇಳ್ತಿದಾನೆ,” ಎಂದ.

“ನೋಡಿದ್ರಾ ಅತ್ತೆ,” ಎಂದು ಅಳಿಯಂದಿರು ಬಸ್ಸಿನಲ್ಲಿ ಕೋಟು ಕೊಡವಿಕೊಂಡರು, “ದನಿ ಹೇಗೆ ಇಳೀತು ಅವನದು.”

ಸೇತುವೆಯಾಚೆ ಜೈಲಿನ ಬಾಗಿಲಲ್ಲಿ ನಿಂತಿದ್ದ ಕಾವಲಿನವನು ಕೆಂಪು ಕೋಟನ್ನೂ ಗುಂಡಿಗಳನ್ನೂ ನೋಡಿ, “ಬ್ಯಾಂಡ್‌ಸೆಟ್ಟಿನೋರು ಹಿಂದಿನ ಬಾಗಿಲಿಂದ ಬನ್ನಿ,” ಎಂದ.

“ಬ್ಯಾಂಡು ಯಾರ್ರೀ? ನಾನೂ ನಿಮ್ಮ ಹಾಗೆ ಗೇಟಿನೋನೇ.”

“ಯಾವ ಗೇಟು?”

“ಬಾಲ್ಕನಿ.”

ಕಾವಲಿನವನು ಬಹಳ ಹೊತ್ತು ಯೋಚಿಸಿದ. ಊರಿನ ಜೈಲುಗಳಲ್ಲಿ ಬಾಲ್ಕನಿ ಇರುವುದು ಯಾವುದು ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯದ್ದನ್ನು ಒಪ್ಪಿಕೊಳ್ಳಲು ಇಷ್ಟವಿಲ್ಲದೆ ಒಳಗೆ ಬಿಟ್ಟ.

ಒಳಗೆ ನಮಗಿಂತ ಮುಂಚೆ ಫೋನು ಬಂದು ತಲುಪಿತ್ತು. ಸಾಲಿನಲ್ಲಿ ನಿಂತಿದ್ದ ಹೆಂಗಸರನ್ನೆಲ್ಲ ಬಿಟ್ಟು ಒಬ್ಬ ಪೇದೆ ನನಗೊಬ್ಬಳಿಗೆ ಕುರ್ಚಿ ತಂದು ಹಾಕಿದ. ಇನ್ನೊಬ್ಬ ನೀರು ತಂದ. ನಾನು ದಂಗಾಗಿ ಕೂತೆ. ಗಡಿಯಾರ ರಿಪೇರಿಯವರ ಹೆಂಡತಿಗೆ ಅಲ್ಲಿಯವರೆಗೆ ಯಾವ ಸರ್ಕಾರಿ ಕಚೇರಿಯಲ್ಲೂ ಕುರ್ಚಿ ಸಿಕ್ಕಿರಲಿಲ್ಲ.

ಪಕ್ಕದಲ್ಲಿ ನಿಂತವಳು ನನ್ನ ಕಡೆ ಬಗ್ಗಿ, “ನಿಮ್ಮೋರು ಏನು ಮಾಡಿದ್ದು?” ಎಂದಳು.

“ಗಡಿಯಾರ ಬಿಚ್ಚಿದ್ರು.”

“ಅಷ್ಟಕ್ಕೆ ಕುರ್ಚೀನಾ? ನಮ್ಮನೆಯೋನು ಇಡೀ ಲಾರೀನೇ ಹೊಡ್ಕೊಂಡು ಹೋಗಿದಾನೆ. ಬೆಳಗಿಂದ ನಿಂತೇ ಇದೀನಿ.”

ಅಷ್ಟರಲ್ಲಿ ಒಬ್ಬ ಅಧಿಕಾರಿ ಬಂದು ಅಳಿಯಂದಿರನ್ನು ಮೂಲೆಗೆ ಕರೆದ. ನಾನು ಎದ್ದು ಹೋಗುವುದರೊಳಗೆ ಅರ್ಧ ಅನಾಹುತ ಮುಗಿದಿತ್ತು.

“ಇಷ್ಟೊಂದು ಕೆಲಸಕ್ಕೆ ಜೊತೆಗೆ ಎಷ್ಟು ಜನ ಇದ್ರು?”

“ಜೊತೆಗಾ? ನಮ್ಮ ಮಾವ ಯಾರನ್ನೂ ಇಟ್ಕೊಂಡೋರಲ್ಲ ಸಾರ್. ಎಲ್ಲಾ ಒಬ್ಬರೇ. ಸಾಮಾನೆಲ್ಲ ಒಂದು ಸಣ್ಣ ಪೆಟ್ಟಿಗೇಲಿ. ಅರ್ಧ ಗಂಟೆ ಕೊಟ್ಟರೆ ಮುಗೀತು.”

“ಅರ್ಧ ಗಂಟೆ,” ಎಂದ ಅಧಿಕಾರಿ, ಗೋಡೆಗೆ ಕೈ ಕೊಟ್ಟುಕೊಂಡು.

“ಸಾಹೇಬರೇ, ಇವರು ಹೇಳ್ತಿರೋದು ಗಡಿಯಾರದ ಮಾತು,” ಎಂದೆ ನಾನು.

“ಹೂಂ ತಾಯಿ, ಗಡಿಯಾರ ನೋಡ್ಕೊಂಡೇ ಮಾಡಿರ್ತಾರೆ, ಅರ್ಧ ಗಂಟೆ ಅಂದ್ರೆ ಸುಮ್ನೇನಾ,” ಎಂದ ಅವನು ವಿನಯದಿಂದ. “ಆದ್ರೆ ಅವರು ಇಲ್ಲಿಲ್ಲ. ಬೆಳಕು ಹರೀತಿದ್ದ ಹಾಗೇ ದೊಡ್ಡ ಜೈಲಿಗೆ ಕಳಿಸಿದೀವಿ. ನಮ್ಮಲ್ಲಿ ಗೋಡೆ ಅಷ್ಟು ದಪ್ಪ ಇಲ್ಲ. ಊಟದ ಹೊತ್ತು ಮುಗಿದ ಕೂಡಲೇ ಅಲ್ಲೇ ಆವರಣದೊಳಗಿನ ಕೋರ್ಟಲ್ಲಿ ನಿಲ್ಲಿಸ್ತಾರೆ. ನೋಡಬೇಕು ಅಂದ್ರೆ ಬೇಗ ಹೋಗಿ. ಆಮೇಲೆ ನೋಡೋಕೆ ಆಗುತ್ತೋ ಇಲ್ವೋ.”

ದೊಡ್ಡ ಜೈಲು ನಿಜಕ್ಕೂ ದೊಡ್ಡದು. ಒಂದು ಬಾಗಿಲು ದಾಟಿದರೆ ಎದುರಿಗೆ ಅದಕ್ಕಿಂತ ದೊಡ್ಡ ಬಾಗಿಲು. ಭೇಟಿಯ ಕೋಣೆಯ ನಡುವೆ ಆಳೆತ್ತರದ ಗಾಜು; ಈಚೆಗೆ ನಮ್ಮಂಥವರು, ಆಚೆಗೆ ಕೈದಿಗಳು, ಇಬ್ಬರಿಗೂ ಒಂದೊಂದು ಫೋನು. ಗಾಜಿನ ತುದಿಯಲ್ಲಿ ಬೀಗ ಹಾಕಿದ ಸಣ್ಣ ಬಾಗಿಲು.

ಯಜಮಾನರು ಆಚೆಗೆ ಆಗಲೇ ಕೂತಿದ್ದರು. ಅಕ್ಕಪಕ್ಕದ ಗಟ್ಟಿ ಆಸಾಮಿಗಳು ಅವರಿಗೆ ಜಾಗ ಬಿಟ್ಟು ಒತ್ತಿಕೊಂಡು ಕೂತಿದ್ದರು. ಒಬ್ಬನಂತೂ ಅವರ ಹೆಗಲ ಮೇಲಿನ ಧೂಳು ಒರೆಸುತ್ತಿದ್ದ. ಅವರು ಎಲ್ಲರಿಗೂ ಹೌದು ಹೌದು ಎನ್ನುತ್ತಾ, ಮದುವೆ ಮನೆಯ ಹಿರಿಯರ ಹಾಗೆ ಕಂಗೊಳಿಸುತ್ತಿದ್ದರು.

ನಾನು ಫೋನೆತ್ತಿದೆ. ಅವರೂ ಎತ್ತಿದರು.

“ನಾನು ಹೇಳೋದು ಕೇಳಿಸ್ತಿದೆಯೇನ್ರೀ?”

“ಹೌದು, ಹೌದು.”

“ಜಡ್ಜು ಏನು ಕೇಳಿದ್ರೂ ಹೌದು ಅನ್ನಬೇಡಿ.”

“ಹೌದು, ಹೌದು.”

ಮಿಷನ್ನನ್ನು ಸೆರಗಿನಿಂದ ಬಿಚ್ಚಿ, ಗಾಜಿಗೆ ಹಿಡಿದು ತೋರಿಸಿ, ಅಲ್ಲಿದ್ದ ಮಹಿಳಾ ಪೇದೆಯನ್ನು, “ಇದನ್ನ ಅವರ ಕಿವಿಗೆ ಹಾಕಿಸಮ್ಮ,” ಎಂದು ಬೇಡಿಕೊಂಡೆ. ಏನದು ನೋಡೋಣ ಎಂದು ಅವಳು ಅದನ್ನು ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

ಕಿವಿ ಮಿಷನ್ನು ಕಂಡವರಿಗೆ ಗೊತ್ತು, ಮುಷ್ಟಿಯೊಳಗೆ ಮುಚ್ಚಿದರೆ ಅದು ಕೂಗುತ್ತದೆ. ಕುಂಯ್ ಎಂದು ಶುರುವಾಗಿ ಕುಂಯ್ಯೋ ಎಂದು ಏರಿತು. ಪೇದೆ ಅದನ್ನು ಮೇಜಿನ ಮೇಲೆ ಎಸೆದು ನಾಲ್ಕು ಮಾರು ಹಿಂದೆ ಹಾರಿದಳು. ಜೈಲಿನ ದೊಡ್ಡ ಸಾಹೇಬರು ಊಟದ ಕೈಯಲ್ಲೇ ಓಡಿಬಂದರು.

“ಏನದು?”

“ಕಿವಿ ಮಿಷನ್ನು,” ಎಂದೆ ನಾನು.

“ಮುಟ್ಟಬೇಡಿ ಸಾರ್,” ಎಂದು ಅಳಿಯಂದಿರು ಅಡ್ಡ ನುಗ್ಗಿದರು, “ಭಾಳ ಸೂಕ್ಷ್ಮ ಅದು. ಸ್ವಲ್ಪ ಅಲ್ಲಾಡಿದ್ರೂ ಹೋಯ್ತು.”

“ಹೋಯ್ತು ಅಂದ್ರೆ?”

“ಹೋಯ್ತು ಅಂದ್ರೆ ಎಲ್ಲಾ ಹೋಯ್ತು ಸಾರ್. ಆಮೇಲೆ ಜೋಡಿಸೋಕಾಗಲ್ಲ.”

ಸಾಹೇಬರ ಮುಖದ ಬಣ್ಣ ಇಳಿಯಿತು. ಬೆಂಕಿ ಆರಿಸಲು ಇಟ್ಟಿದ್ದ ಖಾಲಿ ಕಬ್ಬಿಣದ ಬಕೆಟ್ಟನ್ನು ತಂದು, ತಾವು ಆದಷ್ಟು ದೂರ ನಿಂತು, ಕೈ ಮಾತ್ರ ಚಾಚಿ ಮಿಷನ್ನಿನ ಮೇಲೆ ಬೋರಲು ಹಾಕಿದರು. ಬಕೆಟ್ಟಿನೊಳಗೆ ಅದು ಇನ್ನೂ ಜೋರಾಗಿ ಕೂಗಿತು. ಸಾಹೇಬರು ನನ್ನ ಕೈಯ ಫೋನು ಕಸಿದುಕೊಂಡು ಗಾಜಿನಾಚೆ ಕೂತ ಯಜಮಾನರನ್ನೇ ನೇರವಾಗಿ ಕೇಳಿದರು. ಅದೇ ತಪ್ಪಾದದ್ದು.

“ಏಯ್ ಮುದುಕಾ, ಇದು ಬಾಂಬಾ?”

“ಹೌದು, ಹೌದು.”

“ಸಿಡಿಯುತ್ತಾ?”

“ಹೌದು, ಹೌದು.”

“ಈಗಲೇನಾ?” ಎಂದರು ಸಾಹೇಬರು.

ಯಜಮಾನರು ತಲೆಯಾಡಿಸಿ, ಕೇಳಿದ್ದಕ್ಕೆ ಸಂತೋಷ ಎಂಬಂತೆ ಕೈಮುಗಿದರು.

ಕಾವಲಿನವರೆಲ್ಲ ಮೇಜಿನ ಕೆಳಗೆ ಹೋದರು. ಬೀಗದ ಕೈಗೊಂಚಲು ಮೇಜಿನ ಮೇಲೆ ಉಳಿಯಿತು. ಮಕ್ಕಳು ಚೀರಿದವು, ಹೆಂಗಸರು ಗಾಜಿಗೆ ಬಡಿದರು, ಆಚೆಯವರು ಈಚೆಗೆ ಬರಲಾರದೆ ಬೆಂಚು ಹತ್ತಿದರು. ಇಷ್ಟರ ನಡುವೆ ಸ್ವಸ್ಥಚಿತ್ತರಾಗಿ ನಿಂತಿದ್ದವರು ನಮ್ಮ ಅಳಿಯಂದಿರು. ತುಂಬಿದ ಕೋಣೆ, ಗಾಬರಿಗೊಂಡ ಜನ, ಮುಚ್ಚಿದ ಬಾಗಿಲು: ಇದಕ್ಕೆ ಏನು ಮಾಡಬೇಕೆಂದು ಅವರ ಕೈಗೆ ಗೊತ್ತಿತ್ತು. ಅದನ್ನು ಎಲ್ಲಿ ಮಾಡಬಾರದು ಎನ್ನುವುದು ತಲೆಗೆ ಗೊತ್ತಿರಲಿಲ್ಲ.

ಗೊಂಚಲು ಎತ್ತಿಕೊಂಡರು. ಗಾಜಿನ ಬಾಗಿಲು ತೆಗೆದರು. ಅಂಗಳದ ಬಾಗಿಲನ್ನೂ ತೆಗೆದರು.

“ಬನ್ನಿ, ಬನ್ನಿ. ಮುಂದಿನ ಸಾಲು ಮೊದಲು. ನೂಕಬೇಡಿ, ಎಲ್ಲರಿಗೂ ದಾರಿ ಇದೆ. ಮಕ್ಕಳ ಕೈ ಹಿಡ್ಕೊಳ್ಳಿ. ಸೀಟಿನ ಕೆಳಗೆ ಏನಾದ್ರೂ ಬಿಟ್ಟಿದೀರಾ ನೋಡ್ಕೊಳ್ಳಿ. ಏಯ್, ಮೀಸೆಯವರೇ, ಹೆಂಗಸರಿಗೆ ದಾರಿ ಬಿಡಿ.”

ಮೀಸೆಯವನು ಎಷ್ಟು ಕೇಸಿನವನೋ, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕೈದಿಗಳು, ಹೆಂಡಿರು, ಮಕ್ಕಳು ಒಂದೇ ಸಾಲಾಗಿ ಅಂಗಳಕ್ಕೆ ನಡೆದರು. ಮೇಜಿನ ಕೆಳಗಿನ ಕಾವಲಿನವರನ್ನೂ ಅಳಿಯಂದಿರು ಬಿಡಲಿಲ್ಲ. “ಮಲಗಿದೋರು ಏಳಿ,” ಎಂದು ಎಬ್ಬಿಸಿದರು. ದೊಡ್ಡ ಸಾಹೇಬರು ಸಾಲು ತಪ್ಪಿಸಿ ಮುಂದೆ ನುಗ್ಗಲು ಹೋದಾಗ, “ಸಾರ್, ಹಿಂದಿಂದ ಬನ್ನಿ,” ಎಂದು ತೋಳು ಹಿಡಿದು ಹಿಂದೆ ನಿಲ್ಲಿಸಿದರು. ಸಾಹೇಬರು ನಿಂತರು.

ಕೋಣೆ ಖಾಲಿಯಾಯಿತು. ಉಳಿದದ್ದು ಕೂಗುವ ಬಕೆಟ್ಟು, ಈಚೆಗೆ ನಾನು, ಆಚೆಗೆ ಫೋನು ಹಿಡಿದು ಖಾಲಿ ಕುರ್ಚಿಗೆ ತಲೆಯಾಡಿಸುತ್ತಿದ್ದ ಯಜಮಾನರು. ನಾನು ಬಕೆಟ್ಟು ಎತ್ತಿ, ಮಿಷನ್ನು ತೆಗೆದುಕೊಂಡು, ತೆರೆದ ಬಾಗಿಲಿನಿಂದ ಹೋಗಿ ಅವರ ಕಿವಿಗೆ ಸಿಕ್ಕಿಸಿದೆ. ಅವರು ಒಮ್ಮೆ ಬೆಚ್ಚಿದರು.

“ಏನೇ, ಎಲ್ಲರೂ ಎಲ್ಲಿ ಹೋದ್ರು?”

“ನೀವೇ ಓಡಿಸಿದ್ರಿ. ಬಾಂಬು ಸಿಡಿಯುತ್ತೆ ಅಂದ್ರಿ.”

“ನಾನೆಲ್ಲಿ ಅಂದೆ? ಅವರೇನೋ ಊಟ ಆಯ್ತಾ, ನಿದ್ದೆ ಬಂತಾ ಅಂತ ವಿಚಾರಿಸ್ತಿದ್ರು. ಒಳ್ಳೇ ಜನ. ನಿನ್ನೆಯಿಂದ ಒಬ್ಬರಾದ ಮೇಲೊಬ್ಬರು ವಿಚಾರಿಸ್ತಾನೇ ಇದಾರೆ.”

ನಾನು ಅಲ್ಲೇ ಅವರಿಗೆ ಎಲ್ಲವನ್ನೂ ಹೇಳಿದೆ: ಕನ್ನ, ಗುಂಪು, ಮೂರು ಜೈಲು, ಬಾಂಬು. ಕೇಳುತ್ತಾ ಕೇಳುತ್ತಾ ಅವರ ನಗು ಮೊದಲು ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ ಇಳಿಯಿತು. ನಗುವಿಲ್ಲದ ಅವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಪರೂಪ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಅಂಗಳದಲ್ಲಿ ಜನ ಸಾಲುಸಾಲಾಗಿ ನೆಲದ ಮೇಲೆ ಕೂತಿದ್ದರು. ಯಾರು ಒಳಗಿನವರು, ಯಾರು ಹೊರಗಿನವರು ತಿಳಿಯುವಂತಿರಲಿಲ್ಲ. ಒಬ್ಬ ದಾಂಡಿಗ ತನ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಹಲ್ಲು ಎಣಿಸುತ್ತಿದ್ದ. ಎಲ್ಲರನ್ನೂ ಮತ್ತೆ ವಿಂಗಡಿಸಿ ಒಳಗೆ ಕಳಿಸಿದಾಗ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಸಾಹೇಬರಿಗೆ ಅದನ್ನು ನಂಬುವುದೇ ಹೆಚ್ಚು ಕಷ್ಟವಾಯಿತು.

ಊಟದ ಹೊತ್ತು ಮುಗಿದು ಕೋರ್ಟು ಕೂತಿತು. ನ್ಯಾಯಾಧೀಶರು ಕನ್ನಡಕ ಹಾಕಿದ, ನಮ್ಮ ಮಗಳಷ್ಟು ವಯಸ್ಸಿನ ಹೆಂಗಸು. ಎದುರಿಗೆ ಇದ್ದ ಕಾಗದಗಳನ್ನು ಓದಿ ಯಜಮಾನರನ್ನು ಭಯದಿಂದಲೇ ನೋಡಿದರು.

“ಬ್ಯಾಂಕಿಗೆ ಕನ್ನ ಹಾಕೋಕೆ ಹೋಗಿದ್ರಾ?”

ಯಜಮಾನರು ಕಿವಿಗೆ ಕೈ ಹಾಕಿ ಮಿಷನ್ನು ಸರಿಮಾಡಿಕೊಂಡರು.

“ಇಲ್ಲ ತಾಯಿ.”

ಎರಡು ಜೈಲಿನಿಂದ ಸಾಕ್ಷಿಗೆ ಬಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಿಮ್ಮ ಹಿಂದೆ ದೊಡ್ಡ ಗುಂಪಿದೆಯಂತೆ?”

ಯಜಮಾನರು ಹಿಂದೆ ತಿರುಗಿ ನೋಡಿದರು. “ಇಲ್ಲ. ಇವಳೊಬ್ಬಳೇ.”

“ಮತ್ತೆ ಏಣಿ ಹತ್ತಿದ್ದು ಯಾಕೆ?”

“ಗಡಿಯಾರ ನಿಧಾನ ಇತ್ತು ತಾಯಿ. ದಿನಾ ನೋಡ್ಕೊಂಡು ಸುಮ್ಮನಿರೋಕೆ ಆಗಲಿಲ್ಲ. ಹೇಳದೇ ಹತ್ತಿದ್ದು ತಪ್ಪು.”

ಬ್ಯಾಂಕಿನ ಮ್ಯಾನೇಜರು ಎದ್ದು, ಒಂದು ಕಾಸೂ ಹೋಗಿಲ್ಲವೆಂದು ಒಪ್ಪಿಕೊಂಡ. ಆದರೆ ಗಡಿಯಾರ ಸರಿಯಾದ್ದರಿಂದ ಇಂದು ಇಡೀ ಸಿಬ್ಬಂದಿ ತಡವಾಗಿ ಬಂದಂತಾಯಿತು, ಅದಕ್ಕೆ ಯಾರು ಹೊಣೆ ಎಂದು ಕೇಳಿದ. ನ್ಯಾಯಾಧೀಶರು ಅವನನ್ನು ಕೂರಿಸಿ, ಯಜಮಾನರಿಗೆ ಇನ್ನು ಮೇಲೆ ಏಣಿ ಹತ್ತಬಾರದೆಂದು ಗದರಿಸಿ, ಹೋಗಿ ಎಂದರು.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದೆ. ಆಗ ಕೋರ್ಟಿನ ಆಳು ಮುಂದಿನ ಕೇಸನ್ನು ಕೂಗಿದ. ಇಬ್ಬರು ಪೇದೆಗಳ ನಡುವೆ ಕೆಂಪು ಕೋಟು ಒಳಗೆ ಬಂತು.

“ಜೈಲಿನ ಬೀಗದ ಕೈ ತಗೊಂಡು, ಬಾಗಿಲು ತೆಗೆದು, ಕೈದಿಗಳನ್ನ ಹೊರಗೆ ಬಿಟ್ಟಿದ್ದು ನೀವೇನಾ?”

ನಾನು ಹಿಂದಿನಿಂದ ತಲೆ ಅಲ್ಲಾಡಿಸಿದೆ, ಕೈ ಅಲ್ಲಾಡಿಸಿದೆ, ತುಟಿಯ ಮೇಲೆ ಬೆರಳಿಟ್ಟೆ. ಅಳಿಯಂದಿರು ನನ್ನನ್ನು ನೋಡಿದರು. ಹೊಗಳುತ್ತಿದ್ದೇನೆ ಎಂದುಕೊಂಡರೋ ಏನೋ, ಕೋಟಿನ ಗುಂಡಿ ಸರಿಪಡಿಸಿಕೊಂಡರು.

“ನಾನೇ ತಾಯಿ. ಒಬ್ಬನೇ ಮಾಡಿದ್ದು. ಒಂದು ನೂಕಾಟ ಆಗಲಿಲ್ಲ, ಬೇಕಾದ್ರೆ ದೊಡ್ಡ ಸಾಹೇಬರನ್ನೇ ಕೇಳಿ, ಅವರೂ ಸಾಲಲ್ಲಿದ್ರು.”

ದೊಡ್ಡ ಸಾಹೇಬರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಈ ವಿಷಯವನ್ನು ಸೋಮವಾರ ನೋಡೋಣ, ಅಲ್ಲಿಯವರೆಗೆ ಇವರು ಒಳಗೇ ಇರಲಿ ಎಂದರು.

ನಾವು ಮನೆ ಸೇರುವಾಗ ಸಂಜೆಯಾಗಿತ್ತು. ಮಹಡಿಯಾಕೆ ಯಜಮಾನರನ್ನು ಕಂಡದ್ದೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮಗಳು ಬಾಗಿಲಲ್ಲಿ ಕಾಯುತ್ತಿದ್ದಳು. ಬೆಳಿಗ್ಗೆ ಹೊರಟವರು ಇಬ್ಬರು, ಈಗ ಬಂದವರೂ ಇಬ್ಬರು. ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ನಮ್ಮ ಹಿಂದಿನ ಬೀದಿಯನ್ನು ಕೊನೆಯವರೆಗೆ ನೋಡಿದಳು. ಅಪ್ಪನ ಚಪ್ಪಲಿಯನ್ನು ಗೂಡಿನಲ್ಲಿಡುತ್ತಾ ನಡೆದದ್ದನ್ನೆಲ್ಲ ಪೂರ್ತಿ ಕೇಳಿದಳು.

“ಅಮ್ಮಾ,” ಎಂದಳು ಕೊನೆಗೆ, “ಹಳೇ ಪಾತ್ರೆ ಕೊಟ್ಟು ಹೊಸದು ತರೋರನ್ನ ನೋಡಿದೀನಿ. ನೀನು ಹೊಸದನ್ನ ಕೊಟ್ಟು ಹಳೇದನ್ನ ತಂದಿದೀಯಲ್ಲ.”